ಮುಂದಿನ ಗಾಲಿಯ ‘ಟಕ್ ಟಕ್’ ಎಲ್ಲಿಂದ? ಘಟ್ಟದ ದಾರಿಯ ಕಾರುಗಳಿಗೊಂದು ಸಸ್ಪೆನ್ಷನ್ ತಪಾಸಣೆ

ಕಾರಿನ ಮುಂಭಾಗದಲ್ಲಿ ಟಕ್ ಟಕ್ ಅನ್ನುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: “ಶಾಕ್ ಹೋಗಿದೆ, ಎರಡೂ ಹಾಕ್ಬೇಕು.” ಹೊಸ ಶಾಕ್ ಅಬ್ಸಾರ್ಬರ್ ಕೂರುತ್ತದೆ, ಸಾವಿರಾರು ರೂಪಾಯಿ ಕೈಬಿಡುತ್ತದೆ, ಮರುದಿನ ಅದೇ ಹೊಂಡಕ್ಕೆ ಇಳಿದಾಗ ಅದೇ ಟಕ್ ಟಕ್. ಆಮೇಲೆ ಲೋವರ್ ಆರ್ಮ್, ಅದಾದ ಮೇಲೆ ಸ್ಟೀರಿಂಗ್ ರ‍್ಯಾಕ್. ಕೊನೆಗೆ ತಪ್ಪು ಇದ್ದದ್ದು ಕೆಲವು ನೂರು ರೂಪಾಯಿಯ ಒಂದು ಲಿಂಕ್ ರಾಡಿನಲ್ಲೋ, ಬ್ರೇಕ್ ಪ್ಯಾಡಿನ ಕಳೆದುಹೋದ ಕ್ಲಿಪ್ಪಿನಲ್ಲೋ ಆಗಿರುತ್ತದೆ.

ಶಬ್ದ ಎಲ್ಲಿಂದ ಬರುತ್ತಿದೆ ಎಂದು ಕಾರಿನೊಳಗೆ ಕುಳಿತು ಹುಡುಕಿದರೆ ಕಿವಿ ಮೋಸ ಮಾಡುತ್ತದೆ. ಕಬ್ಬಿಣದ ಚೌಕಟ್ಟಿನ ಗುಂಟ ಸಾಗುವ ಸದ್ದು ಎಡಗಡೆಯ ಗಾಲಿಯದ್ದಾದರೂ ನಿಮ್ಮ ಬಲಗಾಲಿನ ಬುಡದಲ್ಲಿ ಕೇಳಿಸಬಹುದು. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮಾತ್ರ ಸುಳ್ಳು ಹೇಳುವುದಿಲ್ಲ. ಇಡೀ ತಪಾಸಣೆ ನಿಂತಿರುವುದು ಈ ‘ಯಾವಾಗ’ ಎಂಬುದರ ಮೇಲೆ. ಜ್ಯಾಕ್, ಪಾನಾ, ಹಾರೆ ಎಲ್ಲ ಆಮೇಲೆ.

ಅಡಿಯಲ್ಲಿ ಏನೇನಿದೆ

ನಮ್ಮ ರಸ್ತೆಯ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಷನ್, ಅಂದರೆ ಗಾಲಿಯನ್ನು ಕಾರಿಗೆ ಹಿಡಿದಿಟ್ಟು ಹೊಂಡದ ಪೆಟ್ಟು ತಗ್ಗಿಸುವ ಜೋಡಣೆ. ಸ್ಪ್ರಿಂಗು, ಅದರ ಒಳಗೆ ಶಾಕ್ ಅಬ್ಸಾರ್ಬರ್, ಎರಡೂ ಸೇರಿ ಒಂದು ಕಂಬ. ಕಂಬದ ತಲೆ ಬಾನೆಟ್ ಎತ್ತಿದರೆ ಎರಡೂ ಮೂಲೆಯಲ್ಲಿ ಕಾಣುವ ಗುಂಡು ಜಾಗಕ್ಕೆ ರಬ್ಬರ್ ಮೌಂಟ್ ಮತ್ತು ಬೇರಿಂಗ್ ಮೂಲಕ ಸೇರಿರುತ್ತದೆ. ಕೆಳಗಿನ ತುದಿಯಲ್ಲಿ ಗಾಲಿ ಕೂರುವ ನಕಲ್. ಆ ನಕಲನ್ನು ಹಿಡಿದಿಡುವುದು ಲೋವರ್ ಆರ್ಮ್. ಆರ್ಮಿನ ಹೊರತುದಿಗೆ ಬಾಲ್ ಜಾಯಿಂಟ್, ಅಂದರೆ ಬಟ್ಟಲಿನಲ್ಲಿ ಗುಂಡು ತಿರುಗುವ ಕೀಲು; ಒಳತುದಿಗೆ ಎರಡು ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಎಡಗಾಲಿಗೂ ಬಲಗಾಲಿಗೂ ಸಂಬಂಧ ಕಲ್ಪಿಸುವ ಬಾಗಿದ ಸರಳು ಸ್ಟೆಬಿಲೈಜರ್ ಬಾರ್. ಅದರ ಎರಡೂ ತುದಿಯನ್ನು ಸ್ಟ್ರಟ್ಟಿಗೋ ಆರ್ಮಿಗೋ ಸೇರಿಸಲು ಇಂಥದೇ ಗುಂಡು ಕೀಲಿರುವ ಒಂದೊಂದು ಲಿಂಕ್ ರಾಡ್, ನಡುವೆ ಚೌಕಟ್ಟಿಗೆ ಕಚ್ಚಿಕೊಂಡ ಎರಡು ಬುಷ್. ಇದಲ್ಲದೆ, ಸ್ಟೀರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಸರಿಯುವ ಸ್ಟೀರಿಂಗ್ ರ‍್ಯಾಕಿನಿಂದ ಗಾಲಿಗೆ ಬರುವ ಟೈ ರಾಡ್.

ಎಲ್ಲ ಕಾರುಗಳೂ ಹೀಗೇ ಇರುವುದಿಲ್ಲ. ಹಳೆಯ ಮಾರುತಿ 800ರಲ್ಲಿ ಸ್ಟೆಬಿಲೈಜರ್ ಬಾರಿನ ತುದಿಯೇ ಲೋವರ್ ಆರ್ಮಿನೊಳಗೆ ತೂರಿ ಕೂರುತ್ತದೆ, ಬೇರೆ ಲಿಂಕ್ ಇಲ್ಲ. ಕೆಲವು ಅಗ್ಗದ ಮಾದರಿಗಳಲ್ಲಿ ಈ ಬಾರ್ ಇರುವುದೇ ಇಲ್ಲ. ನಿಮ್ಮ ಕಾರಿನಲ್ಲಿ ಏನಿದೆ ಎಂದು ಒಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿಕೊಂಡರೆ ಮುಂದಿನದು ಸುಲಭ.

ಕರಾವಳಿಗೂ ಘಟ್ಟದ ಮೇಲಿಗೂ ಇದರಲ್ಲಿ ವ್ಯತ್ಯಾಸ ಇದೆ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಸಮುದ್ರದ ಉಪ್ಪುಗಾಳಿ ಮೊದಲು ತಿನ್ನುವುದು ಸ್ಪ್ರಿಂಗಿನ ಕೆಳಗಿನ ಸುರುಳಿಯನ್ನು, ಲಿಂಕ್ ರಾಡಿನ ನಟ್ಟನ್ನು, ಬ್ರೇಕಿನ ಅಂಚನ್ನು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತುಕ್ಕಿಗಿಂತ ಕೆಮ್ಮಣ್ಣಿನ ರಾಡಿಯೇ ದೊಡ್ಡ ವೈರಿ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಎಲ್ಲಾದರೂ ಸೀಳಿದ್ದರೆ ಮಳೆಗಾಲದ ರಾಡಿ ಒಳಗೆ ಹೊಕ್ಕು ಗ್ರೀಸನ್ನು ಹೊರದೂಡುತ್ತದೆ. ಆಮೇಲೆ ಅದು ಸವೆಯಲು ಹೆಚ್ಚು ದಿನ ಬೇಡ.

ಮೊದಲು ಸುಳ್ಳು ಶಬ್ದಗಳನ್ನು ಕಳೆಯಿರಿ

ಗಾಲಿಯ ನಟ್ಟುಗಳಿಂದ ಶುರು ಮಾಡಿ. ಪಂಕ್ಚರ್ ತೆಗೆಸಿದ ಮೇಲೆ, ಟೈರ್ ಬದಲಿಸಿದ ಮೇಲೆ ಶಬ್ದ ಶುರುವಾಗಿದ್ದರೆ ಬೇರೇನನ್ನೂ ಯೋಚಿಸುವ ಮೊದಲೇ ಪಾನಾ ಹಾಕಿ ಬಿಗಿದು ನೋಡಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿತ ಸಾಕು. ನಿಖರ ಅಂಕಿ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಸಡಿಲ ನಟ್ಟು ಬರೀ ಶಬ್ದದ ವಿಷಯವಲ್ಲ, ಗಾಲಿಯೇ ಕಳಚುವ ವಿಷಯ.

ಆಮೇಲೆ ಡಿಕ್ಕಿ ಖಾಲಿ ಮಾಡಿ. ಜ್ಯಾಕ್, ಸ್ಟೆಪ್ನಿ, ಅದರ ಹ್ಯಾಂಡಲ್, ಮೂಲೆಯಲ್ಲಿ ಮರೆತ ತೆಂಗಿನಕಾಯಿ ಎಲ್ಲ ಹೊರಗೆ. ಬಾನೆಟ್ ಎತ್ತಿ ಬ್ಯಾಟರಿ ಅಲ್ಲಾಡಿಸಿ ನೋಡಿ. ಅದರ ಕ್ಲಾಂಪ್ ಸಡಿಲವಾಗಿದ್ದರೆ ಹೊಂಡಕ್ಕೊಮ್ಮೆ ‘ಟಕ್’ ಅನ್ನುವುದು ಥೇಟ್ ಸಸ್ಪೆನ್ಷನ್ನಿನ ಹಾಗೆಯೇ ಕೇಳಿಸುತ್ತದೆ. ಬಾನೆಟ್ಟಿನ ಬೀಗ ಸರಿಯಾಗಿ ಕೂತಿದೆಯೇ, ಇಂಜಿನ್ ಅಡಿಯ ಪ್ಲಾಸ್ಟಿಕ್ ಹಾಳೆಯ ಸ್ಕ್ರೂ ಉದುರಿದೆಯೇ, ಸೈಲೆನ್ಸರ್ ಪೈಪಿನ ಮೇಲಿನ ತಗಡು ಅಲುಗುತ್ತಿದೆಯೇ ಎಂದು ಕೈಯಲ್ಲೇ ತಟ್ಟಿ ನೋಡಿ. ತಟ್ಟುವ ಮೊದಲು ಇಂಜಿನ್ ತಣ್ಣಗಿರಲಿ. ತಗಡಿನ ಶಬ್ದಕ್ಕೆ ಒಂದು ಗುರುತು ಇದೆ: ಕಾರು ನಿಂತಿದ್ದಾಗಲೂ ಆಕ್ಸಿಲರೇಟರ್ ಒತ್ತಿದರೆ ಅದು ಗುಯ್‌ಗುಡುತ್ತದೆ. ಸಸ್ಪೆನ್ಷನ್ ಹಾಗೆ ಮಾಡುವುದಿಲ್ಲ.

ಇದಿಷ್ಟಕ್ಕೇ ಶಬ್ದ ನಿಂತರೆ ಅದೃಷ್ಟ. ನಿಲ್ಲದಿದ್ದರೆ ಕಾರನ್ನು ಚೆನ್ನಾಗಿ ತೊಳೆಸಿ, ಅಡಿಭಾಗ ಮುಖ್ಯವಾಗಿ. ರಾಡಿ ಮೆತ್ತಿದ ಬುಷ್ಷಿನಲ್ಲಿ ಬಿರುಕು ಕಾಣುವುದಿಲ್ಲ.

ರಸ್ತೆಯ ಮೇಲಿನ ಪರೀಕ್ಷೆ

ಇದು ಇಡೀ ಕೆಲಸದ ಮುಕ್ಕಾಲು ಭಾಗ. ಅವಸರ ಮಾಡಬೇಡಿ. ರೇಡಿಯೊ, ಏಸಿ ಬಂದ್ ಮಾಡಿ, ಕಿಟಕಿ ಇಳಿಸಿ. ಒಂದು ಕಡೆ ಉದ್ದಕ್ಕೆ ಕಾಂಪೌಂಡ್ ಗೋಡೆ ಇರುವ ರಸ್ತೆ ಸಿಕ್ಕರೆ ಒಳ್ಳೆಯದು. ಗೋಡೆಗೆ ಬಡಿದು ಮರಳುವ ಸದ್ದು ಆ ಕಡೆಯ ಗಾಲಿಯದ್ದು, ಒಳಗೆ ಕೇಳುವುದಕ್ಕಿಂತ ಸ್ಪಷ್ಟ. ಪಕ್ಕದಲ್ಲಿ ಒಬ್ಬರು ಕುಳಿತು ಬರೆದುಕೊಳ್ಳಲಿ. ವಾಹನ ಸಂಚಾರ ಇರುವ ಹೆದ್ದಾರಿಯಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ, ಊರೊಳಗಿನ ಖಾಲಿ ರಸ್ತೆ ಸಾಕು.

ಮೊದಲು ಒಂದು ಅಗಲವಾದ ಹಂಪ್ ಹುಡುಕಿ, ಶಾಲೆಯ ಎದುರಿನದ್ದೋ ಆಸ್ಪತ್ರೆಯ ಎದುರಿನದ್ದೋ. ಅದನ್ನು ನೇರವಾಗಿ ದಾಟಿ, ಎರಡೂ ಮುಂಗಾಲಿ ಒಟ್ಟಿಗೇ ಏರಬೇಕು. ಆಮೇಲೆ ಅದೇ ಹಂಪನ್ನು ಓರೆಯಾಗಿ ದಾಟಿ, ಮೊದಲು ಒಂದು ಗಾಲಿ, ಅನಂತರ ಇನ್ನೊಂದು. ನೇರವಾಗಿ ದಾಟಿದಾಗ ಸುಮ್ಮನಿದ್ದು, ಓರೆಯಾಗಿ ದಾಟಿದಾಗ ‘ಟಕ್ ಟಕ್’ ಅಂದರೆ ಅನುಮಾನ ಸ್ಟೆಬಿಲೈಜರ್ ಬಾರ್ ಕಡೆ ತಿರುಗುತ್ತದೆ. ಕಾರಣ ಇಷ್ಟೇ: ಎರಡೂ ಗಾಲಿ ಒಟ್ಟಿಗೆ ಏರಿದರೆ ಆ ಸರಳು ತನ್ನ ಬುಷ್ಷಿನಲ್ಲಿ ಸುಮ್ಮನೆ ತಿರುಗುತ್ತದೆ, ತಿರುಚಿಕೊಳ್ಳುವುದಿಲ್ಲ. ಒಂದು ಗಾಲಿ ಮಾತ್ರ ಏರಿದಾಗ ಅದು ತಿರುಚುತ್ತದೆ, ಭಾರ ಲಿಂಕ್ ರಾಡಿನ ಮೇಲೆ ಬೀಳುತ್ತದೆ, ಸವೆದ ಗುಂಡು ತನ್ನ ಬಟ್ಟಲಿನಲ್ಲಿ ಬಡಿದುಕೊಳ್ಳುತ್ತದೆ.

ಲಿಂಕ್ ರಾಡಿನ ಶಬ್ದಕ್ಕೆ ಇನ್ನೂ ಒಂದು ಗುರುತು ಇದೆ, ಅದನ್ನು ಘಟ್ಟದಲ್ಲಿ ಓಡಾಡುವವರು ಸುಲಭವಾಗಿ ಹಿಡಿಯಬಹುದು. ದೇವಿಮನೆ ಘಟ್ಟದ ಒಂದು ದೀರ್ಘ ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಿದಾಗ ಬಾರ್ ಒಂದೇ ದಿಕ್ಕಿಗೆ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಲಿಂಕಿನ ಸಡಿಲಿಗೆ ಆಡಲು ಜಾಗ ಇರುವುದಿಲ್ಲ. ಹಾಗಾಗಿ ತಿರುವಿನಲ್ಲಿ ಶಬ್ದ ತಗ್ಗುತ್ತದೆ ಅಥವಾ ನಿಲ್ಲುತ್ತದೆ. ತಿರುವು ಮುಗಿದು, ಡಾಂಬರು ಕಿತ್ತ ನೇರ ದಾರಿಯಲ್ಲಿ ನಿಧಾನಕ್ಕೆ ಹೋಗುವಾಗ ಮತ್ತೆ ಲೊಟಲೊಟ. ಚಿಕ್ಕಚಿಕ್ಕ ಕಲ್ಲು, ಕಡಿಮೆ ವೇಗ, ನೇರ ದಾರಿ: ಈ ಮೂರೂ ಕೂಡಿಬಂದರೆ ನಾನು ಬೇರೆ ಎಲ್ಲಕ್ಕಿಂತ ಮೊದಲು ಲಿಂಕ್ ರಾಡನ್ನೇ ನೋಡುತ್ತೇನೆ.

ಎರಡನೆಯದು ಬ್ರೇಕ್ ಪರೀಕ್ಷೆ. ಒರಟು ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಸಾಗುತ್ತ ಬ್ರೇಕನ್ನು ಹಗುರವಾಗಿ, ವೇಗ ಹೆಚ್ಚು ಕಡಿಮೆಯಾಗದಷ್ಟು, ಒತ್ತಿ ಹಿಡಿಯಿರಿ. ಶಬ್ದ ತಟ್ಟನೆ ನಿಂತಿತೇ? ಹಾಗಾದರೆ ಸಸ್ಪೆನ್ಷನ್ ಬಿಡಿ, ಬ್ರೇಕಿನಲ್ಲಿ ಹುಡುಕಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸವೆದ ಪಿನ್ನು, ಉದುರಿದ ಪ್ಯಾಡ್ ಕ್ಲಿಪ್ಪು, ಸಡಿಲವಾದ ಕ್ಯಾಲಿಪರ್ ಬೋಲ್ಟು. ಬ್ರೇಕ್ ಪ್ಯಾಡ್ ಬದಲಿಸಿದ ಮೇಲೆ ಹುಟ್ಟಿದ ಶಬ್ದವಾಗಿದ್ದರೆ ಬಹುತೇಕ ಇದೇ. ಹಳೆಯ ಕ್ಲಿಪ್ಪುಗಳನ್ನು ತೆಗೆದವರು ಮತ್ತೆ ಹಾಕಿರುವುದಿಲ್ಲ. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಯಾಕೋ ಯಾರೂ ಮಾಡುವುದಿಲ್ಲ.

ಮೂರನೆಯದು, ಹೊರಟು ನಿಲ್ಲಿಸುವುದು. ಸಮತಟ್ಟು ಜಾಗದಲ್ಲಿ ಹತ್ತರ ವೇಗಕ್ಕೆ ಹೋಗಿ ಗಕ್ಕನೆ ಬ್ರೇಕ್ ಹಾಕಿ. ಅನಂತರ ಹಿಂದಕ್ಕೆ ಅದೇ ರೀತಿ. ಪ್ರತಿ ಸಲ ಒಂದೇ ಒಂದು ‘ಗಡ್’ ಎಂಬ ದಪ್ಪ ಪೆಟ್ಟು ಬಂದರೆ ಲೋವರ್ ಆರ್ಮಿನ ಬುಷ್ ಹರಿದಿರಬೇಕು: ಬ್ರೇಕ್ ಹಾಕಿದಾಗ ಗಾಲಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಬಿಟ್ಟಾಗ ಮುಂದಕ್ಕೆ ಬರುತ್ತದೆ, ನಡುವೆ ರಬ್ಬರ್ ಇಲ್ಲದ ಕಡೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಬ್ರೇಕ್ ಮುಟ್ಟದೆ, ಬರೀ ಕ್ಲಚ್ ಬಿಡುವಾಗ ಅಥವಾ ಗೇರ್ ಬದಲಿಸುವಾಗ ಅದೇ ಪೆಟ್ಟು ಬಂದರೆ ಇಂಜಿನ್ ಮೌಂಟಿಂಗ್ ಮೇಲೆ ಅನುಮಾನ. ಎರಡನ್ನೂ ಒಂದೇ ಎಂದು ಭಾವಿಸಿ ಕೈ ಸುಟ್ಟುಕೊಂಡವರು ಬಹಳ ಜನ.

ನಾಲ್ಕನೆಯದು ಸ್ಟೀರಿಂಗ್. ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ. ಗಾಲಿ ತಿರುಗುವ ಲಯಕ್ಕೆ ಸರಿಯಾಗಿ ‘ಕಟ್ ಕಟ್ ಕಟ್’ ಬಂದರೆ ಅದು ಆಕ್ಸಲ್ಲಿನ ಹೊರಗಿನ ಸಿ.ವಿ. ಜಾಯಿಂಟ್, ತಿರುಗಿದ ಗಾಲಿಗೂ ಇಂಜಿನ್ನಿನ ಬಲ ಮುಟ್ಟಿಸುವ ಕೀಲು. ಅದರ ರಬ್ಬರ್ ಬೂಟು ಹರಿದು ಗಾಲಿಯ ಒಳಮೈಗೆಲ್ಲ ಗ್ರೀಸ್ ಸಿಡಿದಿದ್ದರೆ ಸಾಕ್ಷಿಯೂ ಸಿಕ್ಕಿದಂತೆ. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ‘ಟಣ್’ ಎಂದು ತಂತಿ ಮಿಡಿದ ಹಾಗೆ ಬಂದರೆ ಸ್ಟ್ರಟ್ ತಲೆಯ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗು ತಿರುಗಲಾರದೆ ಸುತ್ತಿಕೊಂಡು, ಆಮೇಲೆ ಒಮ್ಮೆಲೇ ಜಾರುತ್ತದೆ.

ಕೊನೆಗೆ ದೊಡ್ಡ ಹಂಪ್ ಒಂದನ್ನು ತುಸು ಜೋರಾಗಿ ದಾಟಿ ಗಮನಿಸಿ: ಏರುವಾಗ ಬರುತ್ತದೋ, ಇಳಿದು ಗಾಲಿ ಜೋತಾಗ ಬರುತ್ತದೋ. ಗಾಲಿ ಮೇಲಕ್ಕೆ ಒತ್ತಿಸಿಕೊಂಡಾಗ ‘ಢಬ್’ ಅಂದರೆ ಶಾಕಿನ ಕಡ್ಡಿಯ ಮೇಲಿರುವ ಬಂಪ್ ಸ್ಟಾಪರ್ ಪುಡಿಯಾಗಿದೆ ಅಥವಾ ಸ್ಪ್ರಿಂಗು ಕುಸಿದಿದೆ. ಗಾಲಿ ಕೆಳಕ್ಕೆ ಬಿದ್ದಾಗ ಬಂದರೆ ಶಾಕಿನ ಒಳಗೋ, ಮೇಲಿನ ಮೌಂಟಿನಲ್ಲೋ ಸಡಿಲು ಇದೆ. ಹೊನ್ನಾವರದ ಶರಾವತಿ ಸೇತುವೆಯಂತಹ ಉದ್ದ ಸೇತುವೆಗಳ ಕಬ್ಬಿಣದ ಜೋಡಣೆಯ ಮೇಲೆ ಸಾಗುವಾಗ ಎರಡೂ ಗಾಲಿಗೆ ಒಟ್ಟಿಗೆ ಪೆಟ್ಟು ಬೀಳುತ್ತದೆ. ಅಲ್ಲಿ ಮಾತ್ರ ಜೋರಾಗಿ ಕೇಳಿ, ಊರೊಳಗಿನ ಕಲ್ಲುಗಳಲ್ಲಿ ಇಲ್ಲದಿದ್ದರೆ ಮೌಂಟ್ ಮತ್ತು ಶಾಕ್ ಕಡೆ ನೋಡಬೇಕು, ಲಿಂಕ್ ಕಡೆ ಅಲ್ಲ.

ಕಾರು ನೆಲದ ಮೇಲಿದ್ದಾಗಲೇ

ಜ್ಯಾಕ್ ಹಾಕುವ ಮೊದಲು ಮಾಡಬೇಕಾದ ಕೆಲವು ಪರೀಕ್ಷೆ ಇವೆ, ಕ್ರಮ ತಪ್ಪಿದರೆ ಫಲ ಸಿಗುವುದಿಲ್ಲ.

ಲಿಂಕ್ ರಾಡನ್ನು ಎರಡೂ ಗಾಲಿ ನೆಲದಲ್ಲಿ ಸಮವಾಗಿ ನಿಂತಿರುವಾಗ ಹಿಡಿದು ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಗಾಲಿಯ ಹಿಂದಿನಿಂದ ಕೈ ಹೋಗುತ್ತದೆ. ಇಂಜಿನ್ ಬಂದ್ ಇರಲಿ, ಕೀಲಿ ಕಿಸೆಯಲ್ಲಿರಲಿ. ರಾಡನ್ನು ಗಟ್ಟಿಯಾಗಿ ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಗುಂಡು ತನ್ನಷ್ಟಕ್ಕೆ ತಿರುಗುವುದು ಸಹಜ, ಆದರೆ ‘ಟಿಕ್ ಟಿಕ್’ ಎಂದು ಬಡಿದರೆ ಹೋಗಿದೆ. ಒಂದೇ ಗಾಲಿಯನ್ನು ಜ್ಯಾಕಿನಲ್ಲಿ ಎತ್ತಿ ಇದನ್ನು ನೋಡುವವರಿದ್ದಾರೆ. ಆಗ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ, ಸವೆದದ್ದೂ ಗಟ್ಟಿಮುಟ್ಟಾಗಿ ಕಾಣುತ್ತದೆ. “ಲಿಂಕ್ ಎಲ್ಲ ಸರಿ ಉಂಟು” ಎಂಬ ತೀರ್ಪು ಬರುವುದು ಹೀಗೆ.

ಸ್ಟ್ರಟ್ ಮೌಂಟಿಗೆ ಇಬ್ಬರು ಬೇಕು. ಬಾನೆಟ್ ಎತ್ತಿ, ನೀವು ಮೌಂಟಿನ ನಡುವಿನ ನಟ್ಟಿನ ಮೇಲೆ ಬೆರಳಿಡಿ. ಜೊತೆಗಿದ್ದವರು ಕಾರಿನ ಆ ಮೂಲೆಯನ್ನು ಒತ್ತಿ ಒತ್ತಿ ಬಿಡಲಿ. ಬೆರಳಿಗೆ ಕುಟುಕಿದಂತೆ ಪೆಟ್ಟು ತಾಗಿದರೆ ಮೌಂಟಿನ ರಬ್ಬರ್ ಬಿಟ್ಟಿದೆ. ಬೇರಿಂಗಿಗಾದರೆ ಅವರು ಸ್ಟೀರಿಂಗ್ ತಿರುಗಿಸಲಿ, ನೀವು ಸ್ಪ್ರಿಂಗಿನ ಹೊರಮೈಯನ್ನು ಅಂಗೈಯಿಂದ ಮುಟ್ಟಿ. ಸುರುಳಿಗಳ ನಡುವೆ ಬೆರಳು ಹಾಕಲೇಬೇಡಿ.

ಮೂಲೆ ಒತ್ತಿ ಬಿಟ್ಟಾಗ ಕಾರು ಒಮ್ಮೆ ಮೇಲೆ ಬಂದು ನಿಲ್ಲಬೇಕು, ತೂಗುತ್ತ ಹೋದರೆ ಶಾಕ್ ಸತ್ತಿದೆ. ಆದರೆ ಈ ಪರೀಕ್ಷೆ ಸಿಕ್ಕಿಸುವುದು ಪೂರ್ತಿ ಸತ್ತ ಶಾಕನ್ನು ಮಾತ್ರ. ಅರೆಜೀವದ ಶಾಕ್ ಇಲ್ಲಿ ಪಾಸಾಗುತ್ತದೆ. ಅದಕ್ಕಿಂತ, ಶಾಕಿನ ಮೈಮೇಲೆ ಎಣ್ಣೆ ಹರಿದು ಧೂಳು ಮೆತ್ತಿದೆಯೇ ಎಂದು ನೋಡುವುದು ಹೆಚ್ಚು ನಂಬಿಕೆಯ ದಾರಿ.

ಕರಾವಳಿಯ ಕಾರುಗಳಿಗೆ ಇನ್ನೊಂದು ಕೆಲಸ: ಅಳತೆ ಟೇಪ್ ತೆಗೆದುಕೊಂಡು ಗಾಲಿಯ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ನೆಲ ಸಮ ಇರಬೇಕು, ಟೈರಿನ ಗಾಳಿ ಸಮ ಇರಬೇಕು. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸ್ಪ್ರಿಂಗಿನ ಕೆಳತುದಿಯನ್ನು ಟಾರ್ಚ್ ಬಿಟ್ಟು ಹುಡುಕಿ. ತುಕ್ಕು ಹಿಡಿದು ಕೊನೆಯ ಅರ್ಧ ಸುತ್ತು ತುಂಡಾಗಿ ಬಟ್ಟಲಿನಲ್ಲೇ ಬಿದ್ದುಕೊಂಡು ಟಣಟಣ ಅನ್ನುವುದು ಸಮುದ್ರದ ಪಕ್ಕದ ಹಳೆಯ ಕಾರುಗಳಲ್ಲಿ ಆಗುವಂಥದ್ದೇ. ತುಂಡಾದ ಚೂಪು ತುದಿ ಟೈರನ್ನು ಸೀಳಬಲ್ಲದು. ಅಂಥ ಕಾರನ್ನು ಓಡಿಸಬೇಡಿ.

ಜ್ಯಾಕ್ ಹಾಕಿ

ಮೊದಲು ಜಾಗ. ಮನೆಯ ಅಂಗಳ ಮಣ್ಣಿನದ್ದಾದರೆ ಜ್ಯಾಕ್ ಅಡಿಗೆ ದಪ್ಪ ಹಲಗೆ ಹಾಕಿ. ಹಿಂದಿನ ಗಾಲಿಗೆ ಎರಡೂ ಕಡೆ ತಡೆ ಇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ. ಎತ್ತಿದ ಮೇಲೆ ಕಾರಿನ ಭಾರ ಕಬ್ಬಿಣದ ಸ್ಟ್ಯಾಂಡಿನ ಮೇಲೇ ಕೂರಬೇಕು. ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ, ಕೈಗೆ ಸಿಕ್ಕ ಚಿರೆಕಲ್ಲನ್ನು ಅಡಿಗೆ ಕೊಡುವುದು. ಗೋಡೆಯಲ್ಲಿ ಎಷ್ಟೇ ಗಟ್ಟಿ ಅನಿಸಿದರೂ ಚಿರೆಕಲ್ಲು ಒಳಗೆಲ್ಲ ತೂತು. ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಸಿಮೆಂಟ್ ಇಟ್ಟಿಗೆಯೂ ಅಷ್ಟೇ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಹಂತವನ್ನು ಗ್ಯಾರೇಜಿನ ಲಿಫ್ಟಿನ ಮೇಲೆ, ನಿಮ್ಮ ಎದುರಿಗೇ ಮಾಡಿಸಿ. ಬರೀ ಜ್ಯಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ.

ಗಾಲಿಯನ್ನು ಗಡಿಯಾರ ಎಂದುಕೊಳ್ಳಿ. ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಒಳಗೂ ಹೊರಗೂ ದೂಡಿ. ಆಟ, ಅಂದರೆ ಸಡಿಲದ ಅಲುಗಾಟ, ಸಿಕ್ಕಿದರೆ ಅದು ಬಾಲ್ ಜಾಯಿಂಟಿನದ್ದಿರಬಹುದು, ವೀಲ್ ಬೇರಿಂಗಿನದ್ದಿರಬಹುದು. ಬೇರ್ಪಡಿಸುವುದು ಹೀಗೆ: ಒಳಗೆ ಕುಳಿತವರು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ, ನೀವು ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಅಥವಾ ಬೇರೆ ಜೋಡಣೆ. ಅನಂತರ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿಯಿರಿ. ಇಲ್ಲಿ ಮಾತ್ರ ಆಟ ಇದ್ದರೆ ಟೈ ರಾಡಿನ ಹೊರತುದಿಯ ಕೀಲಾದ ಟೈ ರಾಡ್ ಎಂಡ್ ಅಥವಾ ಒಳತುದಿಯ ಕೀಲಾದ ರ‍್ಯಾಕ್ ಎಂಡ್. ಹೊರತುದಿಯ ಕೀಲಿಗೆ ಬೆರಳು ತಾಗಿಸಿಟ್ಟು ಇನ್ನೊಬ್ಬರಿಂದ ಗಾಲಿ ಅಲ್ಲಾಡಿಸಿದರೆ ಸಡಿಲು ಹೊರಗಿದೆಯೋ ಒಳಗಿದೆಯೋ ಬೆರಳೇ ಹೇಳುತ್ತದೆ. ಒಳಗಿನದನ್ನು ನೋಡಲು ರ‍್ಯಾಕಿನ ರಬ್ಬರ್ ಬೂಟನ್ನು ಮೇಲಿಂದಲೇ ಹಿಸುಕಿ ಹಿಡಿಯಬಹುದು.

ಈಗ ಹಾರೆ. ಮನೆಯ ದೊಡ್ಡ ಹಾರೆ ಅಲ್ಲ, ಒಂದೂವರೆ ಅಡಿಯ ಲಿವರ್ ಸಾಕು. ಲೋವರ್ ಆರ್ಮಿಗೂ ನಕಲಿಗೂ ನಡುವೆ ಮೀಟಿದರೆ ಬಾಲ್ ಜಾಯಿಂಟ್ ಮೇಲೆ ಕೆಳಗೆ ಅಲುಗುತ್ತದೋ ಕಾಣುತ್ತದೆ. ಮ್ಯಾಕ್‌ಫರ್ಸನ್ ಜೋಡಣೆಯಲ್ಲಿ ಕಾರಿನ ಭಾರ ಹೊರುವುದು ಸ್ಟ್ರಟ್ಟಿನ ತಲೆ, ಕೆಳಗಿನ ಬಾಲ್ ಜಾಯಿಂಟ್ ಅಲ್ಲ. ಆದ್ದರಿಂದ ಗಾಲಿ ಜೋತಾಡುತ್ತಿರುವಾಗ ಅದನ್ನು ಪರೀಕ್ಷಿಸುವುದೇ ಸರಿ. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಕಳಚಿದರೆ ಗಾಲಿ ಹೊರಕ್ಕೆ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಆ ಕಾರಿನಲ್ಲಿ ಘಟ್ಟ ಇಳಿಯುವುದು ಬೇಡ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಬುಷ್ಷುಗಳನ್ನೂ ಹೀಗೆಯೇ ಮೀಟಿ ನೋಡಿ. ರಬ್ಬರ್ ಸ್ವಲ್ಪ ಬಾಗುವುದು ಅದರ ಧರ್ಮ. ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಇದ್ದ ಮಾತ್ರಕ್ಕೆ ಬದಲಿಸಬೇಕಿಲ್ಲ. ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಬಿಟ್ಟು ಬೆಳಕು ಕಾಣುತ್ತಿದ್ದರೆ, ಅಥವಾ ಮೀಟಿದಾಗ ಆರ್ಮ್ ‘ಟಕ್’ ಎಂದು ಜಿಗಿದರೆ ಮಾತ್ರ. ನನಗೆ ಕಾಣುವ ಮಟ್ಟಿಗೆ, ಅನಗತ್ಯವಾಗಿ ಬದಲಾಗುವ ಭಾಗಗಳಲ್ಲಿ ಶಾಕ್ ಮೊದಲಾದರೆ ಲೋವರ್ ಆರ್ಮ್ ಎರಡನೆಯದು.

ಇನ್ನೂ ಸಿಗದಿದ್ದರೆ

ಎರಡು ಉಪಾಯ ಇವೆ. ಒಂದು, ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ, ಬಾರಿನ ತುದಿ ಎಲ್ಲೂ ತಾಗದಂತೆ ಕಟ್ಟಿ, ಮನೆಯ ಹತ್ತಿರದ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಒಂದು ಸುತ್ತು ಹೋಗಿ ಬರುವುದು. ಶಬ್ದ ನಿಂತರೆ ತಪ್ಪು ಲಿಂಕಿನದ್ದೋ ಬಾರಿನ ಬುಷ್ಷಿನದ್ದೋ, ಬೇರೆ ಯಾವುದರದ್ದೂ ಅಲ್ಲ. ನಿಲ್ಲದಿದ್ದರೆ ಆ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಬಹುದು. ಒಂದೇ ಕಡೆ ಬಿಚ್ಚಿದರೂ ಬಾರ್ ಕೆಲಸ ನಿಲ್ಲಿಸುತ್ತದೆ, ಆದರೆ ಇನ್ನೊಂದು ಕಡೆಯ ಸಡಿಲು ಬಡಿದುಕೊಳ್ಳುತ್ತಲೇ ಇರಬಹುದು; ಆದ್ದರಿಂದ ಎರಡೂ ಬಿಚ್ಚಿ. ಬಾರ್ ಇಲ್ಲದ ಕಾರು ತಿರುವಿನಲ್ಲಿ ಬಹಳ ವಾಲುತ್ತದೆ, ಘಟ್ಟಕ್ಕೂ ಹೆದ್ದಾರಿಗೂ ಹೀಗೆ ಒಯ್ಯಕೂಡದು.

ಲಿಂಕಿನ ನಟ್ಟು ಬಿಚ್ಚುವಾಗ ಒಳಗಿನ ಗುಂಡೂ ಜೊತೆಗೆ ತಿರುಗುತ್ತದೆ. ಬಹಳಷ್ಟು ಲಿಂಕ್‌ಗಳಲ್ಲಿ ಬೋಲ್ಟಿನ ತುದಿಯ ಕುಳಿಗೆ ಅಲೆನ್ ಕೀ ಹಾಕಿ ಹಿಡಿದು, ರಿಂಗ್ ಪಾನಾದಲ್ಲಿ ನಟ್ಟು ತಿರುಗಿಸಬೇಕು. ಉಪ್ಪುಗಾಳಿಯ ಊರಿನಲ್ಲಿ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಕೈ ಉಳಿಯುತ್ತದೆ. ಅವಸರಕ್ಕೆ ಬಿದ್ದರೆ ಕುಳಿಯ ಮೂಲೆ ಸವೆದು, ಕೊನೆಗೆ ಗ್ರೈಂಡರಿನಲ್ಲಿ ಕೊಯ್ಯುವುದೊಂದೇ ದಾರಿ.

ಇನ್ನೊಂದು ಉಪಾಯ ಬಿಳಿ ಬಣ್ಣದ್ದು. ಉಗುರಿನ ಬಣ್ಣವಾದರೂ ಆದೀತು. ಸಬ್‌ಫ್ರೇಮ್ (ಲೋವರ್ ಆರ್ಮ್ ಕೂರುವ ಕೆಳಚೌಕಟ್ಟು) ಬೋಲ್ಟು, ಕ್ಯಾಲಿಪರ್ ಬೋಲ್ಟು, ಸ್ಟ್ರಟ್ಟನ್ನು ನಕಲಿಗೆ ಜೋಡಿಸುವ ಎರಡು ಬೋಲ್ಟು, ಇವುಗಳ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಒಂದೊಂದು ಗೆರೆ ಎಳೆಯಿರಿ. ಕೆಲವು ದಿನ ಓಡಿಸಿ ಮತ್ತೆ ನೋಡಿ. ಗೆರೆ ಮುರಿದಿದ್ದರೆ ಆ ಜೋಡಣೆ ಜಾರುತ್ತಿದೆ. ಹಿಂದೆ ಯಾವಾಗಲಾದರೂ ಕ್ಲಚ್ ಕೆಲಸಕ್ಕೆ ಸಬ್‌ಫ್ರೇಮ್ ಇಳಿಸಿದ್ದ ಕಾರಾದರೆ ಇದನ್ನು ಬಿಡಲೇಬೇಡಿ.

ಮಳೆಗಾಲದ ಬಗ್ಗೆ ಒಂದು ಮಾತು. ಒಣಗಿದ ಬುಷ್ಷಿನ ‘ಕಿರ್‌ಕಿರ್’ ಜೂನ್ ಬಂದೊಡನೆ ತಾನಾಗಿ ನಿಲ್ಲುತ್ತದೆ, ಮಾರ್ಚಿನಲ್ಲಿ ಮರಳುತ್ತದೆ. ಬುಷ್ಷಿಗೆ ನೀರು ಚಿಮುಕಿಸಿ ಬೇಸಿಗೆಯಲ್ಲೂ ಇದನ್ನು ಪರೀಕ್ಷಿಸಬಹುದು. ಟಕ್ ಟಕ್ ಮಾತ್ರ ನೀರಿಗೆ ಜಗ್ಗುವುದಿಲ್ಲ. ಹಾಗೆಂದು ಬುಷ್ಷಿಗೆ ಸುಟ್ಟ ಇಂಜಿನ್ ಆಯಿಲ್, ಡೀಸೆಲ್ ಹೊಡೆಸಬೇಡಿ. ತುಕ್ಕು ಬಾರದಿರಲಿ ಎಂದು ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆಲ್ಲ ಆಯಿಲ್ ಸ್ಪ್ರೇ ಮಾಡಿಸುವವರಿದ್ದಾರೆ. ಕಬ್ಬಿಣಕ್ಕೆ ಅದರಿಂದ ಲಾಭ ಇದ್ದೀತು, ಆದರೆ ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬುಷ್ಷು ಬೇಗ ಹೋಗುತ್ತದೆ. ಬ್ರೇಕ್ ಡಿಸ್ಕಿಗೆ ಸಿಡಿದರೆ ಹೇಳುವುದೇ ಬೇಡ.

ಗ್ಯಾರೇಜಿಗೆ ಹೋಗುವಾಗ

ಇಷ್ಟು ಮಾಡಿದವರ ಕೈಯಲ್ಲಿ ಒಂದು ಚೀಟಿ ಇರಬೇಕು. “ಮುಂದೆ ಶಬ್ದ” ಎಂದಲ್ಲ. “ಇಪ್ಪತ್ತರ ವೇಗ, ಎಡಗಾಲಿ ಹೊಂಡಕ್ಕೆ ಇಳಿದಾಗ, ಬ್ರೇಕ್ ಹಿಡಿದರೂ ನಿಲ್ಲುವುದಿಲ್ಲ, ಹಂಪನ್ನು ನೇರ ದಾಟಿದರೆ ಇಲ್ಲ, ಓರೆ ದಾಟಿದರೆ ಇದೆ” ಎಂದು ಬರೆದದ್ದು. ಒಳ್ಳೆಯ ಮೆಕ್ಯಾನಿಕ್ ಇದನ್ನು ಓದಿ ನೇರ ಲಿಂಕಿಗೆ ಕೈ ಹಾಕುತ್ತಾರೆ. ಓದದೆಯೇ “ಶಾಕ್ ಹಾಕ್ಬಿಡುವ ಮಾರಾಯ್ರೆ” ಎಂದವರಿಗೆ, “ಮೊದಲು ಲಿಂಕ್ ಬಿಚ್ಚಿ ಒಂದು ಸುತ್ತು ಹೋಗಿ ಬರುವ” ಅನ್ನಿ. ಸಿಟ್ಟು ಮಾಡಿಕೊಂಡರೆ ಬೇರೆ ಗ್ಯಾರೇಜ್ ಇದೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅದರಲ್ಲಿ ಸಡಿಲೇ ಇಲ್ಲದಿದ್ದರೆ ಶಬ್ದ ಇನ್ನೂ ಕಾರಿನಲ್ಲೇ ಇದೆ.

ಬಿಗಿಯುವಾಗ ಗಮನಿಸಬೇಕಾದ್ದು

ಲಿಂಕ್ ರಾಡ್, ಶಾಕ್, ಸ್ಟ್ರಟ್ ಮೌಂಟ್ ಯಾವಾಗಲೂ ಜೋಡಿಯಾಗಿ ಬದಲಿಸಿ. ಒಂದೇ ರಸ್ತೆ ತುಳಿದ ಎರಡರಲ್ಲಿ ಒಂದು ಹೋದರೆ ಇನ್ನೊಂದೂ ಹತ್ತಿರದಲ್ಲೇ ಇದೆ, ಮೇಲಾಗಿ ಶಾಕ್ ಒಂದು ಹೊಸದು ಒಂದು ಹಳತಾದರೆ ಬ್ರೇಕ್ ಹಾಕುವಾಗ ಕಾರು ಸಮವಾಗಿ ನಿಲ್ಲದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಒಂದನ್ನೇ ಬದಲಿಸಿದರೆ ತೊಂದರೆಯಿಲ್ಲ. ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ಮರುಬಳಕೆ ಮಾಡಬೇಡಿ, ಹೊಸದು ಹಾಕಿಸಿ. ಸ್ಪ್ರಿಂಗನ್ನು ಸ್ಟ್ರಟ್ಟಿನಿಂದ ಬಿಡಿಸುವ ಕೆಲಸ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಬರುತ್ತದೆ.

ಲೋವರ್ ಆರ್ಮಿನ ಬುಷ್ಷಿನ ಬೋಲ್ಟನ್ನು ಕಾರು ಜ್ಯಾಕಿನ ಮೇಲಿದ್ದಾಗ ಅಂತಿಮವಾಗಿ ಬಿಗಿಯಬಾರದು. ಗಾಲಿ ಜೋತಿರುವಾಗ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಹೊಸ ಬುಷ್ಷು ಬಲುಬೇಗ ಹರಿಯುತ್ತದೆ. ಕೈಬಿಗಿತ ಕೊಟ್ಟು, ಕಾರನ್ನು ಗಾಲಿಯ ಮೇಲೆ ಇಳಿಸಿ, ಮೂಲೆಯನ್ನು ನಾಲ್ಕು ಸಲ ಒತ್ತಿ ಬಿಟ್ಟು, ಆಮೇಲೆ ಬಿಗಿತ ಅಳೆಯುವ ಟಾರ್ಕ್ ಪಾನಾದಲ್ಲಿ ಪುಸ್ತಕದ ಅಂಕಿಗೆ ಬಿಗಿಯಬೇಕು. ಬಹಳ ಗ್ಯಾರೇಜುಗಳಲ್ಲಿ ಇದು ತಪ್ಪುತ್ತದೆ. ಎದುರಿಗೆ ನಿಂತು ಕೇಳಿ ಮಾಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಟೈ ರಾಡ್, ಲೋವರ್ ಆರ್ಮ್, ಸ್ಟ್ರಟ್ ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರು ಒಂದು ಅಂಚಿನಿಂದ ಸವೆಯುತ್ತದೆ. ಲಿಂಕ್ ರಾಡ್, ಬಾರಿನ ಬುಷ್, ಬ್ರೇಕ್ ಕ್ಲಿಪ್ ಬದಲಿಸಿದ್ದಕ್ಕೆ ಅದರ ಅಗತ್ಯ ಇಲ್ಲ. ಬಿಲ್ಲಿನಲ್ಲಿ ಬರೆದಿದ್ದರೆ ಯಾಕೆ ಎಂದು ಕೇಳಿ. ಕೆಲಸ ಮುಗಿದ ಮೇಲೆ ಮೊದಲು ಶಬ್ದ ಬಂದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಹಂಪನ್ನು ನೇರವಾಗಿಯೂ ಓರೆಯಾಗಿಯೂ ದಾಟಿ ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳನ್ನೂ ಬಿಚ್ಚಿದ್ದ ಬೋಲ್ಟುಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ.